ಒಂದೇ ಹಾಡಿನವರು ಅಂತ ನಗುವ ಮೊದಲು

ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿ. ಆದ್ರೆ ಓದದೆ ಶೇರ್ ಮಾಡ್ಬೇಡಿ.

ಹೋದ ವಾರ ನಮ್ಮದೇ ಒಂದು ವಾಟ್ಸಾಪ್ ಗುಂಪಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ರು. 'ಒನ್ ಹಿಟ್ ವಂಡರ್'ಗಳ ಪಟ್ಟಿ. ಒಂದೇ ಒಂದು ಹಾಡು ಹಿಟ್ ಆಗಿ ಆಮೇಲೆ ಪತ್ತೆ ಇಲ್ಲದೆ ಹೋದ ಗಾಯಕರು. ಕೆಳಗೆ ನಗುವ ಎಮೋಜಿಗಳ ಸಾಲು. ನಾನೂ ಒಂದು ಒತ್ತಿದೆ, ಸುಳ್ಳು ಯಾಕೆ ಹೇಳ್ಲಿ. ಸ್ವಲ್ಪ ಹೊತ್ತಿಗೆ ಒಬ್ಬರು ರಾನು ಮಂಡಲ್ ಅವರ ಫೋಟೋ ಹಾಕಿದ್ರು. 2019ರಲ್ಲಿ ರಾಣಾಘಾಟ್ ರೈಲ್ವೆ ಸ್ಟೇಷನ್ನಿನಲ್ಲಿ ಹಾಡ್ತಿದ್ದ ಆ ಹೆಣ್ಣುಮಗಳು, ಹಿಮೇಶ್ ರೇಷಮಿಯಾ ಜೊತೆ ಒಂದು ಸಿನಿಮಾ ಹಾಡು ಹಾಡಿದವರು. ಫೋಟೋ ಹಾಡಿನದ್ದಲ್ಲ, ಮೇಕಪ್ಪಿನದ್ದು. ದೇಶ ಪೂರ್ತಿ ನಕ್ಕಿತ್ತಲ್ಲ, ಅದೇ. ಅದನ್ನ ನಮ್ಮ ಗುಂಪಲ್ಲಿ, ಪ್ರೊಫೈಲ್‌ನಲ್ಲಿ ಬಾಬಾಸಾಹೇಬರ ಚಿತ್ರ ಇಟ್ಟುಕೊಂಡವರು ಹಾಕಿದ್ರು. ಅಲ್ಲಿಂದ ನನಗೆ ನಿದ್ದೆ ಬರಲಿಲ್ಲ.

ಒಂದೇ ಹಾಡಿನವರು ಅನ್ನೋ ಮಾತಲ್ಲಿ ಒಂದು ತೀರ್ಪು ಅಡಗಿದೆ. ಅದೃಷ್ಟದಿಂದ ಒಂದು ಸಲ ಹತ್ತಿದ್ರು, ಪ್ರತಿಭೆ ಇಲ್ಲದ್ದಕ್ಕೆ ಇಳಿದ್ರು ಅಂತ. ಕೆಲವರ ವಿಷಯದಲ್ಲಿ ಅದು ನಿಜವೇ ಇರಬಹುದು. ಆದ್ರೆ ಎರಡನೇ ಹಾಡು ಯಾಕೆ ಬರಲಿಲ್ಲ ಅಂತ ಒಬ್ಬೊಬ್ಬರ ಹಿಂದೆ ಹೋಗಿ ನೋಡಿದ್ರೆ ಬೇರೆಯೇ ಕತೆ ಸಿಗುತ್ತೆ. ನಾನು ಇಬ್ಬರ ಕತೆ ಹೇಳ್ತೀನಿ. ಇಬ್ಬರೂ ನಮ್ಮ ದೇಶದವರಲ್ಲ. ಆದ್ರೆ ಕೇಳಿಸಿಕೊಂಡಾಗ ನಮ್ಮ ಕೇರಿಯವರು ಅನ್ನಿಸಿದ್ರೆ ಅದು ನನ್ನ ತಪ್ಪಲ್ಲ.

ಮೊದಲನೆಯವರು ಸೊಲೊಮನ್ ಲಿಂಡಾ. 'ಲಯನ್ ಕಿಂಗ್' ಸಿನಿಮಾ ನೀವು ನೋಡಿಲ್ಲದಿದ್ರೂ ನಿಮ್ಮ ಮಕ್ಕಳು ನೋಡಿರ್ತಾರೆ. ಅದರಲ್ಲಿ ಸಿಂಹ ಮಲಗಿರೋ ಹಾಡೊಂದು ಬರುತ್ತಲ್ಲ, ಪ್ರಪಂಚದ ಯಾವ ಮೂಲೆಯಲ್ಲಿ ಗುನುಗಿದ್ರೂ ಜನ ಜೊತೆಗೂಡ್ತಾರೆ. ಅದರ ರಾಗ ಈ ಮನುಷ್ಯನದ್ದು. 1909ರಲ್ಲಿ ದಕ್ಷಿಣ ಆಫ್ರಿಕಾದ ನಾಟಾಲ್ ಪ್ರಾಂತ್ಯದಲ್ಲಿ ಹುಟ್ಟಿದ ಜುಲು ಹುಡುಗ, ದನ ಕಾಯ್ತಾ ಬೆಳೆದವನು. ಕೂಲಿ ಹುಡುಕಿಕೊಂಡು ಜೋಹಾನ್ಸ್‌ಬರ್ಗಿಗೆ ಬಂದ. ಸಂಜೆ ಕೆಲಸ ಮುಗಿದ ಮೇಲೆ ಊರ ಕಡೆಯ ಗೆಳೆಯರ ಜೊತೆ ಹಾಡೋದು. ತಂಡದ ಹೆಸರು 'ಈವ್ನಿಂಗ್ ಬರ್ಡ್ಸ್'. ಸೂಟು ಹೊಲಿಸಿಕೊಂಡು, ಟೋಪಿ ಇಟ್ಟು, ಮಿಂಚುವ ಬೂಟು ಹಾಕಿ ಹಾಡ್ತಿದ್ರು. ಆ ಸೂಟಿನ ಅರ್ಥ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲೂ ನೀಲಿ ಸೂಟಿನ ಅರ್ಥ ಗೊತ್ತಿರೋ ಜನ ಇದ್ದೀವಿ.

ಲಿಂಡಾ ಕೆಲಸ ಮಾಡ್ತಿದ್ದದ್ದು ಗ್ಯಾಲೋ ಅನ್ನೋ ರೆಕಾರ್ಡ್ ಕಂಪನಿಯಲ್ಲಿ. ಹಾಡುಗಾರನಾಗಿ ಅಲ್ಲ, ರೆಕಾರ್ಡುಗಳನ್ನ ಪ್ಯಾಕ್ ಮಾಡೋ ಆಳಾಗಿ. 1939ರಲ್ಲಿ ಅದೇ ಕಂಪನಿಯ ಸ್ಟುಡಿಯೋದಲ್ಲಿ 'ಂಬೂಬೆ' ಅಂದ್ರೆ ಸಿಂಹ ಅನ್ನೋ ಹಾಡು ರೆಕಾರ್ಡ್ ಮಾಡಿದ್ರು. ಮೂರನೇ ಸಲ ಹಾಡುವಾಗ ಕೊನೆ ಕೊನೆಗೆ ಲಿಂಡಾ ಅಲ್ಲೇ, ಆ ಕ್ಷಣಕ್ಕೆ, ಮೇಲಿನ ಸ್ಥಾಯಿಯಲ್ಲಿ ಒಂದು ಎಳೆ ಎಳೆದ. ಆ ಎಳೆಯೇ ಮುಂದೆ ಪ್ರಪಂಚ ಸುತ್ತಿದ ರಾಗ. ಹಾಡಿನ ಹಕ್ಕಿಗೆ ಅವನಿಗೆ ಸಿಕ್ಕಿದ್ದು 10 ಶಿಲ್ಲಿಂಗ್. ಹಾಡು ಸುಮಾರು 1 ಲಕ್ಷ ಪ್ರತಿ ಮಾರಾಟ ಆಯ್ತು. ಆ ಶೈಲಿಯ ಗುಂಪು ಹಾಡುಗಾರಿಕೆಗೇ 'ಂಬೂಬೆ' ಅಂತ ಹೆಸರು ಬಿತ್ತು. ಮುಂದೆ ಬಂದ ಲೇಡಿಸ್ಮಿತ್ ಬ್ಲಾಕ್ ಮಂಬಾಜೋ ತಂಡದವರು ಅದೇ ಬಳ್ಳಿಯ ಕಾಯಿ. ತನ್ನ ಜನರ ನಡುವೆ ಲಿಂಡಾ ದೊಡ್ಡ ಹೆಸರು. ಬೇರೆ ಹಾಡುಗಳನ್ನೂ ರೆಕಾರ್ಡ್ ಮಾಡಿದ್ದ. ಅಂದ್ರೆ ಅವನು ಒಂದೇ ಹಾಡಿನವನು ಅಲ್ಲವೇ ಅಲ್ಲ. ಪ್ರಪಂಚ ಅವನಿಂದ ಒಂದನ್ನ ಮಾತ್ರ ಎತ್ತಿಕೊಂಡು ಹೋಯ್ತು, ಅಷ್ಟೇ.

ಹೇಗೆ ಎತ್ತಿಕೊಂಡು ಹೋಯ್ತು ಅನ್ನೋದು ಮುಖ್ಯ. ಅಮೆರಿಕದ ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೈಗೆ ಆ ರೆಕಾರ್ಡ್ ಸಿಕ್ಕಿತು, ಅವನಿಂದ ಪೀಟ್ ಸೀಗರ್‌ಗೆ. ಸೀಗರ್ ಯಾರು ಅಂತ ಈ ಗೋಡೆಯಲ್ಲಿ ಹೇಳಬೇಕಿಲ್ಲ, ಹೋರಾಟದ ಹಾಡುಗಾರ, ನಮ್ಮ ಮೆರವಣಿಗೆಗಳಲ್ಲೂ ಅವನು ಜನಪ್ರಿಯ ಮಾಡಿದ ಹಾಡು ಹಾಡಿದ್ದೀವಿ. ಅವನ ತಂಡ ವೀವರ್ಸ್ 1950ರ ದಶಕದ ಶುರುವಲ್ಲಿ ಅದನ್ನ ಹಾಡಿತು. ಜುಲು ಪದ ಸರಿಯಾಗಿ ಕೇಳಿಸದೆ 'ವಿಮೊವೆ' ಆಯ್ತು. ರಚನೆ ಯಾರದ್ದು ಅನ್ನೋ ಜಾಗದಲ್ಲಿ 'ಪಾಲ್ ಕ್ಯಾಂಪ್‌ಬೆಲ್' ಅಂತ ಇತ್ತು. ಅಂಥ ಮನುಷ್ಯನೇ ಇಲ್ಲ! ವೀವರ್ಸ್ ತಂಡದವರು ಪರಂಪರೆಯ ಹಾಡು ಅಂದುಕೊಂಡದ್ದಕ್ಕೆಲ್ಲ ಹಾಕ್ತಿದ್ದ ಕಳ್ಳ ಹೆಸರು ಅದು. ಸೀಗರ್ ಕೆಟ್ಟವನಲ್ಲ. ಲಿಂಡಾಗೆ 1,000 ಡಾಲರ್ ಚೆಕ್ ಕಳಿಸಿದ, ತನ್ನ ಪಾಲೂ ಅವರಿಗೆ ಹೋಗ್ಲಿ ಅಂದ. ಅದು ಹೋಗ್ತಿದೆಯಾ ಅಂತ ವರ್ಷಗಟ್ಟಲೆ ತಿರುಗಿ ನೋಡಲಿಲ್ಲ. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಾವೆಲ್ಲ ಸೀಗರ್ ಜಾಗದಲ್ಲಿ ಕೂತಿರೋ ಜನ. ಒಳ್ಳೆಯವರು, ಹೋರಾಟದವರು, ತಿರುಗಿ ನೋಡದವರು.

1961ರಲ್ಲಿ ಟೋಕನ್ಸ್ ಅನ್ನೋ ತಂಡಕ್ಕೆ ಹೊಸ ಇಂಗ್ಲಿಷ್ ಸಾಹಿತ್ಯ ಬರೆದುಕೊಟ್ರು, ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಮರುವರ್ಷ, 1962ರ ಅಕ್ಟೋಬರ್‌ನಲ್ಲಿ, ಲಿಂಡಾ ಕಿಡ್ನಿ ಕಾಯಿಲೆಯಿಂದ ತೀರಿಕೊಂಡ. ಬ್ಯಾಂಕಿನಲ್ಲಿ 25 ಡಾಲರಿಗಿಂತ ಕಮ್ಮಿ ಇತ್ತು. ಹೆಂಡತಿಗೆ ಸಮಾಧಿಗೆ ಒಂದು ಕಲ್ಲು ನೆಡಿಸೋಕೆ 18 ವರ್ಷ ಬೇಕಾಯ್ತು.

2000ದಲ್ಲಿ ರಿಯಾನ್ ಮಲಾನ್ ಅನ್ನೋ ದಕ್ಷಿಣ ಆಫ್ರಿಕಾದ ಪತ್ರಕರ್ತ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಇದನ್ನೆಲ್ಲ ಬಿಚ್ಚಿ ಬರೆದ. 'ಲಯನ್ ಕಿಂಗ್' ಬಳಕೆ ಒಂದರಿಂದಲೇ ಈ ಹಾಡು 1.5 ಕೋಟಿ ಡಾಲರ್ ದುಡಿದಿರಬಹುದು ಅಂತ ಅವನ ಅಂದಾಜು. ಲಿಂಡಾನ ಹೆಣ್ಣುಮಕ್ಕಳು ಸೋವೆಟೋದಲ್ಲಿ ಬಡತನದಲ್ಲಿದ್ರು. ಒಬ್ಬಳು 2001ರಲ್ಲಿ ಏಡ್ಸ್‌ನಿಂದ ಸತ್ತಳು, ಔಷಧಿಗೆ ದುಡ್ಡಿರಲಿಲ್ಲ. ಉಳಿದವರ ಪರವಾಗಿ 2004ರಲ್ಲಿ ಡಿಸ್ನಿ ಮೇಲೆ ಕೇಸು ಬಿತ್ತು. ವಕೀಲ ಓವೆನ್ ಡೀನ್ ಕೈಗೆ ಸಿಕ್ಕ ಅಸ್ತ್ರ ಏನು ಗೊತ್ತಾ? ಬ್ರಿಟಿಷರ 1911ರ ಕಾಪಿರೈಟ್ ಕಾನೂನು. ಬರೆದವನು ಬದುಕಿರುವಾಗ ಹಕ್ಕನ್ನ ಎಷ್ಟಕ್ಕಾದ್ರೂ ಮಾರಿರಲಿ, ಸತ್ತು 25 ವರ್ಷ ಆದ ಮೇಲೆ ಅದು ವಾರಸುದಾರರಿಗೆ ವಾಪಸ್ ಅಂತ ಅದರಲ್ಲೊಂದು ಸಾಲಿತ್ತು. ಬಡ ಲೇಖಕ ಹಸಿವಿಗೆ ಮಾರಿಕೊಂಡುಬಿಡ್ತಾನೆ, ಅವನ ಮಕ್ಕಳಾದ್ರೂ ಉಳೀಲಿ ಅನ್ನೋ ಲೆಕ್ಕ. 2006ರ ಫೆಬ್ರವರಿಯಲ್ಲಿ ರಾಜಿ ಆಯ್ತು, ಲಿಂಡಾ ಸಹ-ರಚನಕಾರ ಅಂತ ಒಪ್ಪಿಕೊಂಡ್ರು. ಅವನು ಸತ್ತು 43 ವರ್ಷ ಕಳೆದ ಮೇಲೆ.

ಆ 1911ರ ಕಾನೂನು 1914ರ ಕಾಯ್ದೆಯ ಹೆಸರಲ್ಲಿ ನಮ್ಮ ದೇಶದಲ್ಲೂ ಇತ್ತು, 1957ರ ಕಾಯ್ದೆ ಬರೋವರೆಗೆ. ಆ ಕಾಲದ ನಮ್ಮ ಹಾಡುಗಾರರಲ್ಲಿ ಒಬ್ಬರ ಮಗಳಾದ್ರೂ ಅದನ್ನ ಹಿಡಿದು ಕೋರ್ಟಿಗೆ ಹೋದದ್ದನ್ನ ನಾನು ಕೇಳಿಲ್ಲ. ಹೋಗಬೇಕಾದ್ರೆ ಮೊದಲು ಕಾಗದದ ಮೇಲೆ ಅಪ್ಪನ ಹೆಸರಿರಬೇಕಲ್ಲ.

ಎರಡನೆಯವರು ಗ್ರೆಗರಿ ಕೋಲ್ಮನ್. ಡ್ರಮ್ ಬಾರಿಸ್ತಿದ್ದ ಕರಿಯ ಅಮೆರಿಕನ್. ತಂಡದ ಹೆಸರು ವಿನ್‌ಸ್ಟನ್ಸ್. ಇವರು ಪಕ್ಕಾ ಒನ್ ಹಿಟ್ ವಂಡರ್, ಯಾವ ಪಟ್ಟಿಯಲ್ಲಾದ್ರೂ ಹಾಕಬಹುದು. 1969ರಲ್ಲಿ 'ಕಲರ್ ಹಿಮ್ ಫಾದರ್' ಅನ್ನೋ ಹಾಡು ಅಮೆರಿಕದ ಮೊದಲ ಹತ್ತರೊಳಗೆ ಬಂತು, ಬರೆದ ರಿಚರ್ಡ್ ಸ್ಪೆನ್ಸರ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಮುಗೀತು, ಮರುವರ್ಷ ತಂಡವೇ ಇಲ್ಲ. ಯಾಕಿಲ್ಲ? ಕರಿಯರೂ ಬಿಳಿಯರೂ ಒಂದೇ ವೇದಿಕೆ ಹತ್ತೋ ತಂಡ ಅದು. ದಕ್ಷಿಣದ ರಾಜ್ಯಗಳಲ್ಲಿ ಅಂಥವರಿಗೆ ಕಾರ್ಯಕ್ರಮ ಸಿಗೋದೇ ಕಷ್ಟ ಆಯ್ತು. ಹಾಡು ಸಾಯಲಿಲ್ಲ, ವೇದಿಕೆ ಮುಚ್ಚಿದ್ರು.

ಆದ್ರೆ ಆ ರೆಕಾರ್ಡಿಗೆ ಹಿಂಬದಿ ಒಂದಿತ್ತು. ಜಾಗ ತುಂಬಿಸೋಕೆ ಹಾಕಿದ್ದ 'ಆಮೆನ್, ಬ್ರದರ್' ಅನ್ನೋ ಹಳೆ ಸುವಾರ್ತಾ ಹಾಡಿನ ವಾದ್ಯರೂಪ. ನಡುವಲ್ಲಿ ಎಲ್ಲರೂ ನಿಲ್ಲಿಸ್ತಾರೆ, ಕೋಲ್ಮನ್ ಒಬ್ಬನೇ ಬಾರಿಸ್ತಾನೆ. ಆರೇಳು ಸೆಕೆಂಡು. ನಾಲ್ಕು ಆವರ್ತ. 1980ರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರ ಬಂದ ಮೇಲೆ ಆ ತುಂಡನ್ನ ಕತ್ತರಿಸಿ, ನಿಧಾನ ಮಾಡಿ, ಜೋರು ಮಾಡಿ, ಸಾವಿರಾರು ಹಾಡುಗಳಲ್ಲಿ ಹಾಕಿದ್ರು. ಎನ್.ಡಬ್ಲ್ಯು.ಎ. ತಂಡದ ಹಿಪ್‌ಹಾಪ್‌ನಲ್ಲಿ ಅದೇ ಪೆಟ್ಟು. ಇಂಗ್ಲೆಂಡಿನ ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನೋ ಇಡೀ ಪ್ರಕಾರಗಳು ಆ ಆರೇಳು ಸೆಕೆಂಡಿನ ಮೇಲೆ ಕಟ್ಟಿದ ಮನೆ. ಕೋಲ್ಮನ್‌ಗೆ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ ಸತ್ತಾಗ ಅವನಿಗೆ ಮನೆ ಇರಲಿಲ್ಲ. ಸ್ಪೆನ್ಸರ್‌ಗೆ ವಿಷಯ ಗೊತ್ತಾಗಿದ್ದೇ 1996ರಲ್ಲಿ, ಅಷ್ಟರಲ್ಲಿ ಕೇಸು ಹಾಕೋ ಅವಧಿ ಕಳೆದಿತ್ತು. 2015ರಲ್ಲಿ ಇಂಗ್ಲೆಂಡಿನ ಸಂಗೀತಗಾರರು ಚಂದಾ ಎತ್ತಿ ಸುಮಾರು 24,000 ಪೌಂಡ್ ಸ್ಪೆನ್ಸರ್‌ಗೆ ಕೊಟ್ರು. ಬಾರಿಸಿದವನು ಸತ್ತು 9 ವರ್ಷ ಆಗಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಪೆನ್ಸರ್ ಹೆಸರಲ್ಲಿ ಕಾಪಿರೈಟ್ ಆದ್ರೂ ಇತ್ತು. ಕೋಲ್ಮನ್ ಹೆಸರಲ್ಲಿ ಅದೂ ಇರಲಿಲ್ಲ. ಪದ ಬರೆದವನು ಕರ್ತೃ, ರಾಗ ಹಾಕಿದವನು ಕರ್ತೃ, ಡ್ರಮ್ ಬಾರಿಸಿದವನು ಕೆಲಸದವನು. ಬಾಬಾಸಾಹೇಬರು ಜಾತಿ ಅಂದ್ರೆ ಬರೀ ಶ್ರಮ ವಿಭಜನೆ ಅಲ್ಲ, ಶ್ರಮಿಕರ ವಿಭಜನೆ ಅಂದಿದ್ರಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಸಂಗೀತದ ಅಂಗಡಿಯಲ್ಲೂ ಅದೇ ಮೆಟ್ಟಿಲು. ಚರ್ಮ ಮುಟ್ಟಿದವನು ಕೊನೇ ಮೆಟ್ಟಿಲು. ತಮಟೆ ಬಾರಿಸೋ ಮನೆಯಲ್ಲಿ ಹುಟ್ಟಿದವನಿಗೆ ಇದನ್ನ ಅರ್ಥ ಮಾಡ್ಕೊಳೋಕೆ ಅಮೆರಿಕದ ಕಾನೂನು ಓದಬೇಕಾಗಿಲ್ಲ. ನಮ್ಮ ಅಪ್ಪ ತಾತಂದಿರು ಕಟ್ಟಿದ ಎಷ್ಟು ವರಸೆಗಳು ಸಿನಿಮಾ ಹಾಡುಗಳ ಹಿಂದೆ ಕುಣೀತಿವೆ? ಅದರ ಕೆಳಗೆ ಯಾರ ಹೆಸರಿದೆ? 2023ರಲ್ಲಿ ತಮಟೆ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಎದೆ ತುಂಬಿ ಬಂದಿತ್ತು. ಒಂದು ಪದಕ ಬರೋಕೆ ಎಷ್ಟು ತಲೆಮಾರು ಹಿಡೀತು ಅನ್ನೋದೂ ಅದೇ ಹೊತ್ತಿಗೆ ನೆನಪಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2021ರ 'ಎಂಜಾಯ್ ಎಂಜಾಮಿ' ನಿಮಗೆಲ್ಲ ಬಾಯಿಪಾಠ. ಅರಿವು ತನ್ನ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕಿನಿಂದ, ಲಂಕಾದ ಟೀ ತೋಟದಲ್ಲಿ ದುಡಿದು ಬರಿಗೈಲಿ ವಾಪಸ್ ಬಂದವರ ನೆನಪಿಂದ ಎತ್ತಿದ ಹಾಡು. ಅದೇ ವರ್ಷ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಮುಖಪುಟದಲ್ಲಿ ಧೀ ಇದ್ರು, ಶಾನ್ ವಿನ್ಸೆಂಟ್ ದಿ ಪಾಲ್ ಇದ್ರು, ಅರಿವು ಇರಲಿಲ್ಲ. ಪಾ. ರಂಜಿತ್ ಕೇಳಿದ ಮೇಲೆ, ಗಲಾಟೆ ಆದ ಮೇಲೆ, ಅರಿವು ಇದ್ದ ಇನ್ನೊಂದು ಡಿಜಿಟಲ್ ಮುಖಪುಟ ಬಂತು. ಲಿಂಡಾನ ಕತೆ ಹೊರತಂದ ಪತ್ರಿಕೆಯ ಹೆಸರೇ ಇದಕ್ಕೂ ಇರೋದು. ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅದೇ ಹಾಡು, ವೇದಿಕೆಯಲ್ಲಿ ಅರಿವು ಇಲ್ಲ. 2024ರಲ್ಲಿ ಸಂತೋಷ್ ನಾರಾಯಣನ್ ಈ ಹಾಡಿನಿಂದ ತಮ್ಮ ಮೂವರಿಗೂ ದುಡ್ಡೇ ಬಂದಿಲ್ಲ ಅಂದ್ರು. ಪ್ರಪಂಚವೇ ಕುಣಿದ ಹಾಡಿಗೆ!

ನಂಜಮ್ಮ ಅವರದ್ದು ಇನ್ನೊಂದು ಥರ. ಅಟ್ಟಪ್ಪಾಡಿಯ ಇರುಳ ಸಮುದಾಯದ ಹಿರಿಯ ಹೆಣ್ಣುಮಗಳು, 'ಅಯ್ಯಪ್ಪನುಂ ಕೋಶಿಯುಂ' ಸಿನಿಮಾದ ಹಾಡಿಗೆ 2022ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆ ಆಯ್ತು. ತಕ್ಷಣ ಒಬ್ಬ ಸಂಗೀತಗಾರ, ಶ್ರುತಿ ಹಿಡಿದು ಬೇರೆ ಹಾಡು ಹಾಡೋಕೆ ಬರ್ತದಾ ಇವರಿಗೆ, ಜೀವಮಾನ ಸಂಗೀತ ಕಲಿತವರಿಗೆ ಅವಮಾನ ಅಲ್ವಾ ಅನ್ನೋ ಧಾಟಿಯಲ್ಲಿ ಮಾತಾಡಿದ. ನೋಡಿ, ಇಲ್ಲೇ ಇರೋದು ಗುಟ್ಟು. ಎರಡನೇ ಹಾಡು ಹಾಡೋಕೆ ಬರುತ್ತಾ ಅನ್ನೋ ಪ್ರಶ್ನೆಯನ್ನ ಎಲ್ಲರಿಗೂ ಕೇಳಲ್ಲ. ಕೆಲವರ ಮೊದಲ ಹಾಡು ಸೋತರೂ ಹತ್ತನೇದು ಬರೋವರೆಗೆ ಕಾಯ್ತಾರೆ. ಮನೆತನ ಇರುತ್ತೆ, ಗುರುಗಳ ಹೆಸರಿರುತ್ತೆ, ಮಾವನ ಸ್ಟುಡಿಯೋ ಇರುತ್ತೆ. ಕೆಲವರಿಗೆ ಒಂದೇ ಟಿಕೆಟ್. ಅದು ಗೆದ್ದರೂ ಆಕಸ್ಮಿಕ ಅಂತಾರೆ.

ಕಾನೂನು ಏನೂ ಇಲ್ಲ ಅಂತಲ್ಲ, ಇದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯ್ತು, ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅದಕ್ಕಾಗಿ ವಾದ ಮಾಡಿದ್ರು. ಈಗ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನ ಕಂಪನಿಗೆ ಬರೆದುಕೊಟ್ಟರೂ ಅಂಥ ಕರಾರು ನಿಲ್ಲಲ್ಲ. 10 ಶಿಲ್ಲಿಂಗಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಆಟಕ್ಕೆ ಕಾಗದದ ಮೇಲಾದ್ರೂ ತಡೆ ಇದೆ. ಹಾಡುವವರಿಗೆ, ಬಾರಿಸುವವರಿಗೆ 38-ಎ ಕಲಂ ಪ್ರಕಾರ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಇದೆ. ಕಲಾವಿದ ಅಂದ್ರೆ ಯಾರು ಅನ್ನೋ ವ್ಯಾಖ್ಯೆಯಲ್ಲಿ ದೊಂಬರಾಟದವರು, ಹಾವಾಡಿಗರೂ ಇದ್ದಾರೆ, ಓದಿ ಖುಷಿಯಾಯ್ತು. ಅದರ ಕೆಳಗೇ 2012ರಲ್ಲಿ ಸೇರಿಸಿದ ಒಂದು ಷರತ್ತಿದೆ: ಸಿನಿಮಾದಲ್ಲಿ ನಿಮ್ಮ ಪಾತ್ರ ಆಕಸ್ಮಿಕವೋ ಪ್ರಾಸಂಗಿಕವೋ ಆಗಿದ್ದು, ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಹಾಕದಿದ್ದರೆ, ನೀವು ಕಲಾವಿದರೇ ಅಲ್ಲ. ನಿಮ್ಮ ಪ್ರದರ್ಶನವನ್ನ ತಿರುಚಿ ಮರ್ಯಾದೆ ಕಳೆದರೆ ತಕರಾರು ಮಾಡೋ ಹಕ್ಕೊಂದು ಉಳಿಯುತ್ತೆ, ರಾಯಲ್ಟಿ ಇಲ್ಲ. ರೂಢಿ ಅನ್ನೋ ಪದ ಕಂಡಾಗ ನಮಗೆ ಮೈ ಉರಿಯದೆ ಇರುತ್ತಾ? ಊರಿನ ರೂಢಿಯಂತೆ ನಮ್ಮವರು ದೇವಸ್ಥಾನದ ಹೊರಗೆ ನಿಂತು ಬಾರಿಸ್ತಿದ್ರು. ಉದ್ಯಮದ ರೂಢಿಯಂತೆ ಹೆಸರಿಲ್ಲದೆ ಬಾರಿಸ್ತಾರೆ.

ಅಂದ್ರೆ ಹೆಸರು ಹಾಕೋದು ಬರೀ ಮರ್ಯಾದೆಯ ವಿಷಯ ಅಲ್ಲ, ಹಕ್ಕಿನ ಬಾಗಿಲು ಅದು. 'ಸಾಹಿತ್ಯ: ಜನಪದ' ಅಂತ ಬರೆದಾಗಲೆಲ್ಲ ನಾವು ನಮ್ಮದೇ ಒಬ್ಬ ಪಾಲ್ ಕ್ಯಾಂಪ್‌ಬೆಲ್‌ನ ಹುಟ್ಟಿಸ್ತಿರಬಹುದು. ನಿಜವಾಗಿ ನೂರಾರು ವರ್ಷದ, ನೂರಾರು ಬಾಯಿಯ ಹಾಡುಗಳಿವೆ, ಇಲ್ಲ ಅನ್ನಲ್ಲ. ಆದ್ರೆ ಬದುಕಿರುವ ಮನುಷ್ಯರು ಕಟ್ಟಿದ ಹಾಡನ್ನೂ ಜನಪದ ಅಂದುಬಿಟ್ಟರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಎಷ್ಟು ಅನುಕೂಲ.

ಈಗ ನನ್ನ ಸರದಿ. ಬೇರೆಯವರನ್ನ ಬೈದು ಪೋಸ್ಟ್ ಮುಗಿಸೋದು ಸುಲಭ ಇತ್ತು.

ಮೂರು ವರ್ಷದ ಹಿಂದೆ ಏಪ್ರಿಲ್ 14ರ ಕಾರ್ಯಕ್ರಮ. ನಮ್ಮ ಕಡೆಯ ಕೇರಿಯ ಹಿರಿಯಮ್ಮ ಒಬ್ಬರು ಬಾಬಾಸಾಹೇಬರ ಮೇಲೆ ತಾವೇ ಕಟ್ಟಿದ ಹಾಡು ಹಾಡಿದ್ರು. ಪೆಂಡಾಲಿನಲ್ಲಿ ಕಣ್ಣೀರು ಹಾಕದವರಿಲ್ಲ. ನಾನು ಮೊಬೈಲಲ್ಲಿ ಹಿಡಿದು ಇದೇ ಪೇಜಿನಲ್ಲಿ ಹಾಕಿದೆ. ನಾನು ಹಾಕಿದ್ದರಲ್ಲೇ ಅತಿ ಹೆಚ್ಚು ಜನ ನೋಡಿದ ವಿಡಿಯೋ ಅದು. ನಿಮ್ಮಲ್ಲಿ ಎಷ್ಟೋ ಜನ ನನ್ನನ್ನ ಫಾಲೋ ಮಾಡೋಕೆ ಶುರು ಮಾಡಿದ್ದೇ ಅದರಿಂದ. ಯಾರ್ಯಾರೋ ಕೆಳಗೆ ಕೀಬೋರ್ಡ್ ಸೇರಿಸಿ ತಮ್ಮ ಚಾನೆಲ್‌ನಲ್ಲಿ ಹಾಕಿಕೊಂಡ್ರು. ನಾನು ಬರೆದ ಶೀರ್ಷಿಕೆ ಏನು ಗೊತ್ತಾ? 'ಕೇರಿಯ ಅಜ್ಜಿಯ ಕೊರಳು.' ಎಷ್ಟು ಕಾವ್ಯಮಯವಾಗಿದೆ ಅಂತ ಆಗ ಬೀಗಿದ್ದೆ. ಹೆಸರಿಲ್ಲ. ಹಾಡು ಕಟ್ಟಿದ್ದೂ ಅವರೇ ಅಂತ ಇಲ್ಲ.

ಆಮೇಲೆ ಎಲ್ಲ ಕಾರ್ಯಕ್ರಮಕ್ಕೂ ಅವರನ್ನ ಕರೀತಿದ್ವಿ. ಭಾಷಣಗಳ ನಡುವೆ ಐದು ನಿಮಿಷ. ಅದೇ ಹಾಡು. ಮುಗಿದ ಮೇಲೆ ಒಂದು ಶಾಲು, ಬಸ್ ಚಾರ್ಜು. ಭಾಷಣಕಾರರಿಗೆ ಕಾರು. ಒಂದು ಸಲ ಅವರು ಮೈಕ್ ಹಿಡಿದು 'ಬೇರೆದೊಂದು ಏಳ್ತೀನಿ' ಅಂದಾಗ ನಾನೇ ಕಿವಿಯಲ್ಲಿ 'ಬೇಡಮ್ಮ, ಜನ ಅದನ್ನೇ ಕೇಳ್ತಾರೆ' ಅಂದಿದ್ದೆ. ಅವರು ನನ್ನ ಮುಖ ನೋಡಿ ಅದನ್ನೇ ಹಾಡಿದ್ರು. ಅವರನ್ನ ಒಂದೇ ಹಾಡಿನವರನ್ನಾಗಿ ಮಾಡಿದ್ದು ಯಾವ ರೆಕಾರ್ಡ್ ಕಂಪನಿಯೂ ಅಲ್ಲ. ಕಪ್ಪು ಕೋಟು ಹಾಕಿಕೊಂಡು ವೇದಿಕೆ ಪಕ್ಕ ನಿಂತಿದ್ದ ನಾನು.

ಆ ವಾಟ್ಸಾಪ್ ಜಗಳ ಆದ ಮರುದಿನ ಅವರ ಮನೆಗೆ ಹೋದೆ. ಹಸು ಕಟ್ತಾ ಇದ್ರು. ಎಷ್ಟು ಹಾಡಿದೆ ಅಮ್ಮ ನಿಮ್ಮತ್ರ ಅಂದೆ. ಬೆರಳು ಮಡಿಸ್ತಾ ಹೋದ್ರು. ಕೂಲಿ ಸಾಲದ ಹಾಡು, ಭೂಮಿ ಅರ್ಜಿ ಹಾಕಿ ಅಲೆದ ಹಾಡು, ಸತ್ತ ಮಗನ ಹಾಡು, ಗಂಡನ್ನ ಬೈಯೋ ಹಾಡು. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿ ನಕ್ಕರು. ನಾನು ಒಂದು ಬರಹ ಬರೀತೀನಿ, ನಿಮ್ಮ ಹೆಸರು ಹಾಕ್ಲಾ ಅಂತ ಕೇಳಿದೆ. 'ಮೊದ್ಲು ಆ ಅಳೇದ್ರಲ್ಲಿ ಆಕು. ಅದುನ್ ನೋಡ್ದೋರ್ಗೆಲ್ಲ ಗೊತ್ತಾಗ್ಲಿ. ಆಮ್ಯಾಕೆ ಇದ್ರಲ್ಲಿ ಆಕುವಂತೆ' ಅಂದ್ರು. ಅದಕ್ಕೇ ಈ ಪೋಸ್ಟಿನಲ್ಲಿ ಅವರ ಹೆಸರಿಲ್ಲ. ಹಳೇ ವಿಡಿಯೋದ ಶೀರ್ಷಿಕೆ ನಿನ್ನೆ ರಾತ್ರಿ ಬದಲಾಯಿಸಿದ್ದೀನಿ, ಹಾಡು ಕಟ್ಟಿದವರು, ಹಾಡಿದವರು ಎರಡೂ ಕಡೆ ಅವರ ಹೆಸರಿದೆ, ಹೋಗಿ ನೋಡಿ. ಅದನ್ನ ಎತ್ತಿ ಹಾಕಿಕೊಂಡ ಚಾನೆಲ್‌ಗಳಿಗೆ ಒಂದೊಂದಾಗಿ ಬರೀತಿದ್ದೀನಿ. ನಿಮ್ಮ ಪೇಜಲ್ಲೂ ಇದ್ರೆ ನಾನು ಬರೆಯೋ ತನಕ ಕಾಯಬೇಡಿ.

ಜಯಂತಿ ಸಮಿತಿಗಳಲ್ಲಿ ಇರೋರಿಗೆ ಇನ್ನೊಂದು ಮಾತು. ಬಜೆಟ್ಟಿನಲ್ಲಿ ಶಾಮಿಯಾನಕ್ಕೆ ಸಾಲಿದೆ, ಫ್ಲೆಕ್ಸಿಗೆ ಸಾಲಿದೆ, ಡಿಜೆಗೆ ಎಷ್ಟು ಅಂತ ಕೇಳಲೇಬೇಡಿ. ಹಾಡುವವರ, ತಮಟೆಯವರ ಸಂಭಾವನೆ ಅಂತ ಒಂದು ಸಾಲು ಬರೀರಿ, ಕರೆಯೋ ಮೊದಲೇ ಮೊತ್ತ ಹೇಳಿ. ಆಹ್ವಾನ ಪತ್ರಿಕೆಯಲ್ಲಿ 'ಮತ್ತು ತಂಡದವರು' ಅಂತ ಮುಗಿಸಬೇಡಿ, ಆರು ಜನ ಇದ್ರೆ ಆರು ಹೆಸರು. ಜಾಗ ಸಾಲದಿದ್ರೆ ಅಧ್ಯಕ್ಷರ ಫೋಟೋ ಸಣ್ಣದು ಮಾಡಿ.

ಭಾನುವಾರ ಬೆಳಿಗ್ಗೆ ಅಮ್ಮನ ಮನೆಗೆ ಹೋಗ್ತಿದ್ದೀನಿ, ನಲವತ್ತರಲ್ಲಿ ಆಗೋಷ್ಟು ಬರೆದುಕೊಳ್ಳೋಕೆ, ರೆಕಾರ್ಡ್ ಮಾಡ್ಕೊಳೋಕೆ. ಕಾಪಿರೈಟ್ ನೋಂದಣಿ ಗೊತ್ತಿರೋ ವಕೀಲ ಗೆಳೆಯರು ಇನ್‌ಬಾಕ್ಸಿಗೆ ಬನ್ನಿ. ಒಳ್ಳೆ ಮೈಕ್ ಇರೋರು ತಗೊಂಡು ಬನ್ನಿ. ಹತ್ತು ಗಂಟೆ ಒಳಗೆ ಬರಬೇಕು, ಆಮೇಲೆ ಅವರು ಹಸು ಹೊಡ್ಕೊಂಡು ಹೋಗ್ತಾರಂತೆ.